ಮೆಣಸಿನಕಾಯಿಯ ಶುದ್ಧಿವಿಚಾರ

ಕನ್ನಡದಲ್ಲಿ 'ಮೆಣಸು' ಎಂಬ ಶಬ್ದವು ಪೂರ್ವದಲ್ಲಿ ಕರಿಮೆಣಸಿಗೆ ಸಲ್ಲುತ್ತಿದ್ದಿತು. ಅಮೆರಿಕಾ ಖಂಡದಿಂದ ಹೊರಟು, ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದ ಹೊಸ ಕಾಯಿಗೆ, ಖಾರದ ಸಾಮ್ಯವೊಂದರಿಂದಲೇ 'ಮೆಣಸಿನಕಾಯಿ' ಎಂಬ ಹೆಸರು ನಿಂತಿತು. ಸಸ್ಯಶಾಸ್ತ್ರದಲ್ಲಿ ಈ ಎರಡಕ್ಕೂ ನಂಟಿಲ್ಲ. ಇದು ಬದನೆಯ ಕುಲಕ್ಕೆ ಸೇರಿದುದು.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನಿಂದ ಪ್ರಸಿದ್ಧವಾಗಿ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಕಾಯಿಯಲ್ಲಿ ಖಾರವು ಕಡಮೆ, ಬಣ್ಣವು ಹೆಚ್ಚು. ಗಿಡ್ಡಗೆ ದಪ್ಪನಾಗಿರುವುದನ್ನು ಡಬ್ಬಿಯೆಂದೂ, ನೀಳವಾಗಿ ನೆರಿಗೆಗಟ್ಟಿದುದನ್ನು ಕಡ್ಡಿಯೆಂದೂ ಕರೆಯುವರು. ಖಾರವು ಬೀಜದಲ್ಲಿದೆಯೆಂಬುದು ಜನರ ನಂಬಿಕೆ. ವಾಸ್ತವವಾಗಿ ಅದು ಹುಟ್ಟುವುದು ಬೀಜವು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ; ಬಣ್ಣವಾದರೋ ಹೊರಗಿನ ಸಿಪ್ಪೆಯಲ್ಲಿ. ಈ ಬಣ್ಣದ ಸತ್ತ್ವವನ್ನು ಹಿಂಡಿ ತೆಗೆದು ಆಹಾರಪದಾರ್ಥಗಳಿಗೂ ತುಟಿಯ ರಂಗಿಗೂ ಬಳಸುವುದರಿಂದ, ಬ್ಯಾಡಗಿ ಕಾಯಿಯ ಬೆಲೆಯು ಮುಖ್ಯವಾಗಿ ಅದರ ಕೆಂಪಿನ ಬೆಲೆಯೇ ಆಗಿದೆ.

ಆ ಕೆಂಪು ಉಳಿಯುವುದೂ ಅಳಿಯುವುದೂ ಒಣಗಿಸುವ ಕಣದಲ್ಲಿ. ಕೊಯ್ದ ಹಣ್ಣುಗಾಯಿಯ ತೂಕದಲ್ಲಿ ಬಹುಪಾಲು ನೀರೇ ಇರುತ್ತದೆ. ಕೂಡಿಡುವುದಕ್ಕೆ ಯೋಗ್ಯವಾಗಬೇಕಾದರೆ ಅದು ನೂರಕ್ಕೆ 10-11ರಷ್ಟಕ್ಕೆ ಇಳಿಯಬೇಕು. ಬರಿಯ ನೆಲದ ಮೇಲೆ ದಪ್ಪನಾಗಿ ಹರವಿ, ರಾತ್ರಿಯ ಇಬ್ಬನಿಗೆ ತೆರೆದು ಬಿಟ್ಟಲ್ಲಿ ಒಳಗಿನ ತೇವವು ಆರದೆ ಬೂಷ್ಟು ಹಿಡಿಯುತ್ತದೆ. ಗಚ್ಚಿನ ಕಣದ ಮೇಲೋ ತಾಡಪತ್ರಿಯ ಮೇಲೋ ತೆಳುವಾಗಿ ಹರವಿ, ದಿನವೂ ತಿರುವಿ, ಸಂಜೆಗೆ ಮುಚ್ಚುವುದು ಇದಕ್ಕೆ ಪರಿಹಾರ. ಪೂರ್ಣ ಹಣ್ಣಾಗದ ಕಾಯಿಯು ಒಣಗಿದಾಗ ಬಿಳಿಚಿಕೊಳ್ಳುವುದರಿಂದ ಅದನ್ನು ಕೊಯ್ಯುವಾಗಲೇ ಬಿಡಬೇಕು; ಕೊಳೆತುದನ್ನೂ ಕಲೆಯಾದುದನ್ನೂ ಆರಿಸಿ ತೆಗೆಯಬೇಕು.

ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತವೆ. 1960ರಲ್ಲಿ ಇಂಗ್ಲೆಂಡಿನ ಟರ್ಕಿ ಕೋಳಿಗಳು ಕೆಟ್ಟ ಕಡಲೆಕಾಯಿ ಹಿಂಡಿಯನ್ನು ತಿಂದು ಸಾವಿರಗಟ್ಟಲೆ ಸತ್ತುದರಿಂದ ಈ ವಿಷವು ವಿಜ್ಞಾನಿಗಳ ಗಮನಕ್ಕೆ ಬಂದಿತು. ಮನುಷ್ಯರಲ್ಲಿ ಇದು ಯಕೃತ್ತಿನ ಅರ್ಬುದಕ್ಕೆ ಕಾರಣ. ಮೆಣಸಿನಕಾಯಿಯಲ್ಲಿ ಈ ವರ್ಗದ ಅತ್ಯುಗ್ರವಾದ ಬಿ1 ಎಂಬುದು ಕಿಲೋಗ್ರಾಮಿಗೆ 5 ಮೈಕ್ರೋಗ್ರಾಮನ್ನು ಮೀರಕೂಡದೆಂಬುದು ಐರೋಪ್ಯ ಒಕ್ಕೂಟದ ನಿಯಮ. ಮನೆಯ ಒಲೆಯ ಬಿಸಿಯು ಈ ವಿಷವನ್ನು ಸಾಕಷ್ಟು ನಾಶಮಾಡಲಾರದು.

ಹೀಗಿರುವಾಗ ಒಣಗಿದ ಕಾಯಿಗೆ ಮಾರುವ ಮುನ್ನ ಮತ್ತೆ ನೀರು ಚಿಮುಕಿಸುವ ರೂಢಿಯು ಹೇಗೆ ಬೆಳೆಯಿತು? ಇದನ್ನು ಬರಿಯ ವಂಚನೆಯೆಂದು ತಳ್ಳಿಬಿಡುವುದು ಸರಿಯಲ್ಲ. ಗರಿಗರಿಯಾದ ಕಾಯಿಯು ಚೀಲಕ್ಕೆ ತುಂಬುವಾಗ ಒಡೆದು ಬೀಜ ಉದುರುತ್ತದೆ. ಒಡೆದುದಕ್ಕೆ ದರ ಇಳಿಯುತ್ತದೆ. ಕೊಳ್ಳುವುದು ತೂಕದ ಮೇಲಾದುದರಿಂದ ನೀರಿಗೂ ಹಣ ಹುಟ್ಟುತ್ತದೆ. ಚೆನ್ನಾಗಿ ಒಣಗಿಸಿದವನು ತೂಕದಲ್ಲಿ ಸೋಲುವ ಈ ಏರ್ಪಾಟಿನಲ್ಲಿ, ತೇವವನ್ನು ಯಂತ್ರದಿಂದ ಅಳೆದು ಅದಕ್ಕೆ ತಕ್ಕಂತೆ ದರ ಕಟ್ಟದ ಹೊರತು ರೈತನಿಗೆ ಮಾಡುವ ಉಪದೇಶವು ಫಲಿಸಲಾರದು.

ಇಡಿಯ ಕಾಯಿಯ ದೋಷವನ್ನು ಕಣ್ಣು ಮೂಗುಗಳು ಅಷ್ಟಿಷ್ಟಾದರೂ ಹೇಳುತ್ತವೆ. ಪುಡಿಯಾದ ಮೇಲೆ ಅದೂ ಇಲ್ಲ. ಸಹಜವಾದ ಕೆಂಪು ಬೆಳಕಿಗೂ ಕಾವಿಗೂ ಮಾಸುವುದರಿಂದ ಕೃತಕ ಬಣ್ಣವನ್ನು ಬೆರಸುವ ಆಸೆ ಹುಟ್ಟುತ್ತದೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನಕಾಯಿಯ ಸರಕಿನಲ್ಲಿ ಸೂಡಾನ್ 1 ಎಂಬ ಕೈಗಾರಿಕೆಯ ಬಣ್ಣವು ಫ್ರಾನ್ಸಿನಲ್ಲಿ ಸಿಕ್ಕಿಬಿದ್ದಿತು. 2005ರಲ್ಲಿ ಅದೇ ಬಣ್ಣದ ದೆಸೆಯಿಂದ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. ಪುಡಿಯನ್ನು ಲೋಟದ ನೀರಿಗೆ ಉದುರಿಸಿ ಬಣ್ಣದ ಎಳೆ ಇಳಿಯುವುದೇ ಎಂದು ನೋಡುವ ಮನೆಯ ಪರೀಕ್ಷೆಯಿಂದ ಇದು ಹೊರಬೀಳುವುದಿಲ್ಲ. ಸೂಡಾನ್ ಬಣ್ಣವು ಎಣ್ಣೆಯಲ್ಲಿ ಕರಗುವುದೇ ಹೊರತು ನೀರಿನಲ್ಲಿ ಕರಗುವುದಿಲ್ಲ. ಅದನ್ನು ನಿಶ್ಚಯಿಸುವುದು ಪ್ರಯೋಗಶಾಲೆಯ ಕೆಲಸ. ವರ್ಷದ ಖಾರಕ್ಕೆ ಇಡಿಯ ಕಾಯಿಯನ್ನೇ ಕೊಂಡು, ತೊಟ್ಟು ಮುರಿದು, ಬಿಸಿಲಿಗೆ ಹಾಕಿ, ಗಿರಣಿಯಲ್ಲಿ ಎದುರಿಗೇ ಬೀಸಿಸಿಕೊಳ್ಳುವ ಮನೆಗಳು ಈ ಒಂದು ಭಯದಿಂದ ಮಾತ್ರ ದೂರವಾಗಿವೆ.