ಶಿರಸ್ತೇದಾರರ ಮೇಜು

ನ್ಯಾಯಾಲಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವರು ಎತ್ತರದ ಪೀಠದ ಮೇಲಿನ ನ್ಯಾಯಾಧೀಶರು, ಕರಿಯ ಕೋಟಿನ ವಕೀಲರು. ಪೀಠದ ಕೆಳಗೆ, ಪಕ್ಕದ ಕೋಣೆಯಲ್ಲಿ, ಕಡತಗಳ ರಾಶಿಯ ಹಿಂದೆ ಕುಳಿತವರ ಕಡೆಗೆ ನಮ್ಮ ದೃಷ್ಟಿ ಹೋಗುವುದು ಅಪರೂಪ. ಆದರೆ ಕಾಗದ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ ಹಳ್ಳಿಗನು ಮೊದಲು ಮಾತನಾಡುವುದು ಅವರೊಡನೆಯೇ. ಆ ಕಚೇರಿಗೆ ಕಾನೂನು ಕೊಟ್ಟ ಅಧಿಕಾರವೆಷ್ಟು, ಹೊರಿಸಿದ ಕರ್ತವ್ಯವೆಷ್ಟು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಕಾನೂನು ಓದಿದವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯದತ್ತ ನನ್ನನ್ನು ಎಳೆದದ್ದು ನನ್ನ ಸೋದರಮಾವನಿಗಾದ ಒಂದು ನಷ್ಟ. ಅದನ್ನು ಮುಂದೆ ಹೇಳುತ್ತೇನೆ.

ಈ ಕಚೇರಿಯ ಹಿರಿಯರಿಗೆ ನಮ್ಮಲ್ಲಿ ಶಿರಸ್ತೇದಾರರೆಂದು ಹೆಸರು. ಪದ ಪಾರಸಿಯದು. 'ಸರ್' ಎಂದರೆ ತಲೆ ಅಥವಾ ತುದಿ. 'ರಿಶ್ತಾ' ಎಂದರೆ ದಾರ. 'ದಾರ್' ಎಂದರೆ ಹಿಡಿದವನು. ದಾರದ ತುದಿಯನ್ನು ಹಿಡಿದವನೇ ಶಿರಸ್ತೇದಾರ! ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆ ಹರಿದರೆ ಅದರ ತುದಿಯನ್ನು ಹುಡುಕಿ ಗಂಟು ಹಾಕುವವರೆಗೆ ಮಗ್ಗ ನಿಲ್ಲಬೇಕಷ್ಟೆ. ಮೊಕದ್ದಮೆಯ ಕಡತದಲ್ಲಿ ಒಂದು ಕಾಗದ ತಪ್ಪಿದರೂ ಅದೇ ಗತಿ.

ಇಂದು ಬಾಗಲಕೋಟೆ ಜಿಲ್ಲೆಯಲ್ಲಿ ಒಂದರ ಮಗ್ಗುಲಲ್ಲಿ ಒಂದಿರುವ ನಮ್ಮ ಊರುಗಳು ಹಿಂದೆ ಬೇರೆ ಬೇರೆ ಒಡೆತನಕ್ಕೆ ಸೇರಿದ್ದವು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ರಬಕವಿ ಸಾಂಗಲಿ ಸಂಸ್ಥಾನದ್ದಾದರೆ ಅದಕ್ಕೆ ತಾಗಿಕೊಂಡ ಬನಹಟ್ಟಿ ಜಮಖಂಡಿಯದು. ೧೯೪೮ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರ ನವೆಂಬರ್ ೧ರಂದು ಈ ಸೀಮೆಯೆಲ್ಲ ಕನ್ನಡ ನಾಡಿನೊಡನೆ ಕೂಡಿತು. ಈಗ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳ ಸಿವಿಲ್ ನ್ಯಾಯಾಲಯಗಳು ನಡೆಯುವುದು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ಆದ್ದರಿಂದ ನಾನು ಹೇಳುವ ಮಾತು ಈ ನಾಲ್ಕೂ ಕಡೆಯ ಕಚೇರಿಗಳಿಗೆ ಒಂದೇ ರೀತಿಯಾಗಿ ಅನ್ವಯಿಸುತ್ತದೆ.

ಮೊದಲನೆಯದು ದಾವೆಯನ್ನು ಸ್ವೀಕರಿಸುವ ಕೆಲಸ. ವಾದಪತ್ರವನ್ನು ನ್ಯಾಯಾಲಯಕ್ಕೆ, ಇಲ್ಲವೆ ಅದು ನೇಮಿಸಿದ ಅಧಿಕಾರಿಗೆ ಸಲ್ಲಿಸಬೇಕೆಂದು ಸಂಹಿತೆ ಹೇಳುತ್ತದೆ. ಕಚೇರಿಯವರು ಶುಲ್ಕ ಸರಿಯಾಗಿದೆಯೆ, ಸಹಿ ಇದೆಯೆ, ಪ್ರತಿಗಳು ಸಾಕಷ್ಟಿವೆಯೆ ಎಂದು ನೋಡುತ್ತಾರೆ; ಕೊರತೆಯಿದ್ದರೆ ತಕರಾರು ಬರೆಯುತ್ತಾರೆ. ಸರಿಯಾದದ್ದನ್ನು ಆಯಾ ವರ್ಷದ ದಾವೆಗಳ ವಹಿಯಲ್ಲಿ ಅನುಕ್ರಮವಾಗಿ ಸಂಖ್ಯೆ ಕೊಟ್ಟು ದಾಖಲಿಸುತ್ತಾರೆ. ಅವರ ಅಧಿಕಾರ ಇಲ್ಲಿಗೆ ಮುಗಿಯಿತು. ವಾದಪತ್ರವನ್ನು ತಿರಸ್ಕರಿಸಬೇಕಾದರೆ ನ್ಯಾಯಾಧೀಶರೇ ಕಾರಣ ಬರೆದು ಆದೇಶ ಮಾಡಬೇಕು. ಶುಲ್ಕ ಕಡಿಮೆಯಾಗಿದ್ದರೂ ಅದನ್ನು ತುಂಬಲು ಕಾಲ ಕೊಡುವ ಅಧಿಕಾರ ನ್ಯಾಯಾಲಯಕ್ಕುಂಟು. 'ಇದು ನಡೆಯೂದಿಲ್ಲ, ಒಯ್ಯಿರಿ' ಎಂದು ಮೇಜಿನ ಹಿಂದಿನಿಂದ ಬರುವ ಬಾಯಿಮಾತಿಗೆ ಕಾನೂನಿನ ಬಲವಿಲ್ಲ. ಅವಧಿ ಮುಗಿಯುವ ದಿನ ಕೋರ್ಟಿಗೆ ರಜೆಯಿದ್ದರೆ ಮರಳಿ ತೆರೆದ ದಿನ ಸಲ್ಲಿಸಬಹುದು. ಕೋರ್ಟು ತೆರೆದಿರುವ ದಿನ ಸುಮ್ಮನೆ ಹಿಂದಿರುಗಿದವನಿಗೆ ಈ ರಕ್ಷಣೆಯಿಲ್ಲ.

ಎರಡನೆಯದು ಸಮನ್ಸು. ಅದಕ್ಕೆ ನ್ಯಾಯಾಧೀಶರ ಇಲ್ಲವೆ ಅವರು ನೇಮಿಸಿದ ಅಧಿಕಾರಿಯ ಸಹಿ ಬೇಕು. ನ್ಯಾಯಾಲಯದ ಮೊಹರು ಬೇಕು. ಅದನ್ನು ಮನೆಗೆ ಒಯ್ದವನು ಯಾವಾಗ, ಯಾವ ರೀತಿಯಲ್ಲಿ ಮುಟ್ಟಿಸಿದೆನೆಂದು ಹಿಂಬರಹ ಬರೆಯಬೇಕು. ಪ್ರತಿವಾದಿ ತೆಗೆದುಕೊಳ್ಳಲು ಒಪ್ಪದಿದ್ದರೆ ಮನೆಯ ಹೊರಬಾಗಿಲಿಗೆ ಪ್ರತಿಯನ್ನು ಅಂಟಿಸಿ, ಯಾರು ಮನೆ ತೋರಿಸಿದರು, ಯಾರ ಸಮಕ್ಷಮದಲ್ಲಿ ಅಂಟಿಸಿದೆನೆಂಬುದನ್ನೂ ಕಾಣಿಸಬೇಕು. ಈ ನಾಲ್ಕು ಸಾಲಿನ ಮೇಲೆ ಒಬ್ಬನ ಹೊಲಮನೆ ನಿಂತಿರುತ್ತದೆ. ಹೋಗದ ಮನೆಗೆ ಹೋದೆನೆಂದು ಬರೆದರೆ, ಮೊಕದ್ದಮೆಯ ಸುದ್ದಿಯೇ ತಿಳಿಯದವನ ಮೇಲೆ ಏಕಪಕ್ಷೀಯ ಡಿಕ್ರಿಯಾಗಬಹುದು. ಸಮನ್ಸು ಸರಿಯಾಗಿ ಮುಟ್ಟಿರದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ ೩೦ ದಿನಗಳೊಳಗೆ ಅದನ್ನು ರದ್ದುಪಡಿಸಲು ಅರ್ಜಿ ಕೊಡಬಹುದು.

ಮೂರನೆಯದು ನಕಲು ಕೊಡುವ ಕೆಲಸ. ಇಲ್ಲಿಯೇ ನನ್ನ ಮಾವ ಎಡವಿದ್ದು. ಕೃಷ್ಣೆಯ ದಂಡೆಯ ಅವನ ಹೊಲ ಆಲಮಟ್ಟಿ ಜಲಾಶಯದ ಮುಳುಗಡೆಗೆ ಹೋಯಿತು. ಸರಕಾರ ಕೊಟ್ಟ ಪರಿಹಾರವನ್ನು ಅವನು ಮಾತಿಲ್ಲದೆ ತೆಗೆದುಕೊಂಡ. ಅದೇ ಅಧಿಸೂಚನೆಯಲ್ಲಿ ಹೊಲ ಕಳೆದುಕೊಂಡ ನೆರೆಯವನು ಕೋರ್ಟಿಗೆ ಹೋಗಿ ಹೆಚ್ಚಿನ ಪರಿಹಾರ ಪಡೆದ. ಇಂಥ ಸಂದರ್ಭಕ್ಕೆಂದೇ ೧೮೯೪ರ ಭೂಸ್ವಾಧೀನ ಕಾಯ್ದೆಗೆ ೧೯೮೪ರಲ್ಲಿ ೨೮-ಎ ಎಂಬ ಕಲಮನ್ನು ಸೇರಿಸಿದ್ದರು. ಕೋರ್ಟಿಗೆ ಹೋಗದವನೂ ನೆರೆಯವನ ತೀರ್ಪಿನ ಆಧಾರದಿಂದ, ಅದು ಹೊರಬಿದ್ದ ಮೂರು ತಿಂಗಳೊಳಗೆ, ತನಗೂ ಪರಿಹಾರವನ್ನು ಹೆಚ್ಚಿಸಿರೆಂದು ಅಧಿಕಾರಿಗಳನ್ನು ಕೇಳಬಹುದಾಗಿತ್ತು. ೨೦೧೩ರ ಹೊಸ ಕಾಯ್ದೆಯೂ ಇದನ್ನು ಉಳಿಸಿಕೊಂಡಿದೆ. ತೀರ್ಪಿನ ನಕಲು ಪಡೆಯಲು ಹಿಡಿದ ಕಾಲವನ್ನು ಆ ಮೂರು ತಿಂಗಳಿಂದ ಕಳೆಯಬೇಕು. ಬಡವನಿಗೆ ಇದು ದೊಡ್ಡ ಆಸರೆ.

ಆದರೆ ಆ ಕಾಲವನ್ನು ಎಣಿಸುವುದು ನಕಲಿಗೆ ಅರ್ಜಿ ಕೊಟ್ಟ ದಿನದಿಂದ. ಮಾವ ಅರ್ಜಿ ಬರೆಯಲೇ ಇಲ್ಲ. ಕಚೇರಿಗೆ ಹೋಗಿ ಕೈಮುಗಿದು ಕೇಳಿದ. 'ನಾಳೆ ಬರ್ರಿ' ಎಂದರು. ಹೋದ. 'ಸೋಮವಾರ ಬರ್ರಿ' ಎಂದರು. ಹೋದ. ಅವರು ಕೆಡುಕು ಬಯಸಿದವರಲ್ಲ. ಕೆಲಸದ ಹೊರೆಯಲ್ಲಿ ಮುದುಕನನ್ನು ಸಾಗಹಾಕಿದರು. ಅರ್ಜಿ ಬರೆದುಕೊಡಿರೆಂದು ಹೇಳಬೇಕಾಗಿದ್ದ ಒಂದು ಮಾತನ್ನು ಯಾರೂ ಹೇಳಲಿಲ್ಲ. ಕೊನೆಗೆ ಅರ್ಜಿ ಕಚೇರಿ ಸೇರಿದಾಗ ಮೂರು ತಿಂಗಳು ದಾಟಿತ್ತು. 'ಅಳಿಯಾ, ನಾ ಅಷ್ಟ ಸಲ ಹೋಗಿದ್ದು ಎಲ್ಲೂ ಬರದಿಲ್ಲೇನು?' ಎಂದು ನನ್ನನ್ನು ಕೇಳಿದ. ಎಲ್ಲಿಯೂ ಬರೆದಿರಲಿಲ್ಲ. ವಿದ್ಯಾವಂತನಾದ ನಾನೂ ಅವನಿಗೆ ಆ ಮೂರು ತಿಂಗಳಲ್ಲಿ ಒಂದು ಅರ್ಜಿ ಬರೆದುಕೊಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಅಂದಿನಿಂದ ನಾನು ಯಾವ ದೃಢೀಕೃತ ನಕಲು ಕಂಡರೂ ಮೊದಲು ನೋಡುವುದು ಅದರ ಮೇಲೆ ಕಾಣಿಸಿದ ತಾರೀಖುಗಳನ್ನು: ಅರ್ಜಿ ಬಂದದ್ದು ಯಾವಾಗ, ನಕಲು ಸಿದ್ಧವಾದದ್ದು ಯಾವಾಗ, ಕೊಟ್ಟದ್ದು ಯಾವಾಗ. ಮೇಲ್ಮನವಿಯ ಅವಧಿಯನ್ನು ಎಣಿಸುವಾಗಲೂ ಇವೇ ಆಧಾರ.

ಹಾಗಾದರೆ ಕಚೇರಿಯ ತಪ್ಪಿಗೆ ಪರಿಹಾರವೇ ಇಲ್ಲವೆ? ಉಂಟು. ೧೯೬೩ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಮೊಕದ್ದಮೆಯಲ್ಲಿ, ಡಿಕ್ರಿಯ ಪ್ರಕಾರ ಒಬ್ಬನು ಗೊತ್ತಾದ ದಿನದೊಳಗೆ ೪,೯೫೧ ರೂಪಾಯಿ ತುಂಬಬೇಕಾಗಿತ್ತು. ಅವನು ಬಹಳ ಮುಂಚೆಯೇ ಅರ್ಜಿ ಕೊಟ್ಟ. ಕೋರ್ಟಿನ ಗುಮಾಸ್ತರು ಬರೆದುಕೊಟ್ಟ ಚಲನಿನಲ್ಲಿ ೪,೯೫೦ ಎಂದಿತ್ತು. ಅವನು ಅಷ್ಟನ್ನೇ ತುಂಬಿದ. ಒಂದು ರೂಪಾಯಿ ಕಡಿಮೆಯಾಯಿತೆಂದು ಎದುರಾಳಿ ಅವನ ಹಕ್ಕನ್ನೇ ಅಲ್ಲಗಳೆದ. ಕೋರ್ಟಿನ ತಪ್ಪಿನಿಂದ ಕಕ್ಷಿದಾರನಿಗೆ ಕೇಡಾಗಬಾರದು, ಆಗಿದ್ದರೆ ಅವನನ್ನು ಮೊದಲಿನ ಸ್ಥಿತಿಗೆ ತರುವುದು ನ್ಯಾಯಾಲಯದ ಹೊಣೆ ಎಂಬುದು ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಮಾತಿನ ತಿರುಳು. ಆದರೆ ಇದನ್ನೂ ಗಮನಿಸಬೇಕು: ಅವನ ಕೈಯಲ್ಲಿ ತೋರಿಸಲು ಒಂದು ಚಲನು ಇತ್ತು. ನನ್ನ ಮಾವನ ಕೈಯಲ್ಲಿ ಏನೂ ಇರಲಿಲ್ಲ.

ನಮ್ಮ ಶಾಸನಗಳ ಕೊನೆಯಲ್ಲಿ ಎಷ್ಟೋ ಸಲ ಬರೆದವನ ಹೆಸರು ಇರುತ್ತದೆ. ದಾನ ಕೊಟ್ಟವನು ಅರಸ; ಬರೆದವನಿಗೆ ಅದನ್ನು ಕೊಡುವ ಅಧಿಕಾರವೂ ಇಲ್ಲ, ತಡೆಯುವ ಅಧಿಕಾರವೂ ಇಲ್ಲ. ಆದರೂ ದಾನ ಉಳಿದದ್ದು ಅವನ ಅಕ್ಷರದಿಂದ. ಶಿರಸ್ತೇದಾರರ ಮೇಜಿಗೂ ಅದೇ ಮರ್ಯಾದೆ, ಅದೇ ಹೊಣೆ. ಇಂದು ಪ್ರತಿಯೊಂದು ಮೊಕದ್ದಮೆಗೂ ಗಣಕಯಂತ್ರ ೧೬ ಅಕ್ಷರಾಂಕಗಳ ಗುರುತು ಕೊಡುತ್ತದೆ. ಮನೆಯಲ್ಲಿ ಕುಳಿತೇ ಮುಂದಿನ ತಾರೀಖನ್ನು ನೋಡಬಹುದು. ಆದರೆ ಕೊಡದ ಅರ್ಜಿಯನ್ನು ಯಂತ್ರವೂ ದಾಖಲಿಸಲಾರದು. ಆದ್ದರಿಂದ ಕಚೇರಿಗೆ ಹೋದಾಗ ಕೇಳುವುದನ್ನು ಬರೆದು ಕೇಳಿರಿ. ತಾರೀಖಿನ ಮೊಹರು ಬೀಳುವವರೆಗೆ ಅಲ್ಲಿಯೇ ನಿಲ್ಲಿರಿ. ಪಕ್ಕದಲ್ಲಿ ಅಕ್ಷರ ಬಾರದವನೊಬ್ಬ ನಿಂತಿದ್ದರೆ ಅವನ ಅರ್ಜಿಯನ್ನೂ ಬರೆದುಕೊಡಿರಿ.