ಮೈಸೂರು ಸಂಸ್ಥಾನದ ರಾಜ್ಯಾಂಗ ವಿಕಾಸ ಮತ್ತು ಮತದ ಹಕ್ಕು

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯನ್ನು ನಮ್ಮ ರಾಜ್ಯಾಂಗಬದ್ಧ ಆಡಳಿತದ ಮೊದಲ ಮೆಟ್ಟಿಲೆಂದು ನಾವು ಪರಿಗಣಿಸುತ್ತೇವೆ. ಆದರೆ ಅದರ 144 ಸದಸ್ಯರು ಭೂಮಾಲೀಕರೂ ವರ್ತಕರೂ ಆಗಿದ್ದರು. ಅಹವಾಲು ಹೇಳಿಕೊಳ್ಳಬಹುದಾಗಿತ್ತೇ ವಿನಾ ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಗ್ರಾಮದ ಕೂಲಿಕಾರನಿಗೆ ಆ ಬಾಗಿಲೂ ತೆರೆದಿರಲಿಲ್ಲ.

1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಿತು. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು. ಜನತೆಯ ಚಳವಳಿಯ ಫಲವಾಗಿ 1947ರ ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು. ಆದರೂ ಆಸ್ತಿ, ವಿದ್ಯೆಗಳ ನಿರ್ಬಂಧವಿಲ್ಲದೆ ವಯಸ್ಕರೆಲ್ಲರಿಗೂ ಮತ ದೊರೆತದ್ದು ಸ್ವತಂತ್ರ ಭಾರತದ ಸಂವಿಧಾನದಿಂದ. ಅದನ್ನು ಚಲಾಯಿಸಿದ್ದು 1952ರ ಚುನಾವಣೆಯಲ್ಲಿ. ಆದುದರಿಂದ ಸಭೆಗಳ ಇತಿಹಾಸವನ್ನು ಬರೆಯುವಾಗ, ಅವುಗಳಿಗೆ ಪ್ರತಿನಿಧಿಗಳನ್ನು ಆರಿಸುವ ಹಕ್ಕು ಯಾರಿಗೆ, ಯಾವಾಗ ದೊರೆಯಿತೆಂಬುದನ್ನೂ ನಾವು ಕೇಳಬೇಕು.