ಏರಿನಲ್ಲಿ ಮಿಸ್ ಹೊಡೆಯುವ ಹಳೆಯ ವಿಟೆಕ್

ಶಿರಾಡಿ ಘಾಟಿಯ ಏರಿನಲ್ಲಿ ಗ್ಯಾಸ್ ಟ್ಯಾಂಕರ್ ಹಿಂದಿಕ್ಕಲು ಕಾರನ್ನು ಬಲಕ್ಕೆ ತೆಗೆದಾಗ ಎಂಜಿನ್ ಅರೆಕ್ಷಣ ಕೈಕೊಟ್ಟು ಮತ್ತೆ ಎಳೆಯಿತೆಂದರೆ ಅದನ್ನು ಸಣ್ಣ ತೊಂದರೆ ಎನ್ನಲಾಗದು. ಎದುರಿನಿಂದ ಬಸ್ಸು ಬರುತ್ತಿರುವಾಗ ಆ ಅರೆಕ್ಷಣವೇ ಪ್ರಾಣದ ಲೆಕ್ಕ. ಮರುದಿನ ಗ್ಯಾರೇಜಿಗೆ ಒಯ್ದರೆ ಅದೇ ಕಾರು ಸಲೀಸಾಗಿ ಓಡುತ್ತದೆ. ‘ಎಲ್ಲ ಸರಿಯಿದೆಯಲ್ಲ ಸಾರ್’ ಎನ್ನುವ ಮೆಕ್ಯಾನಿಕ್‌ನದು ತಪ್ಪಲ್ಲ. ಅವನ ಎದುರಿಗೆ ಕಾಯಿಲೆ ಕಾಣಿಸಿಕೊಂಡೇ ಇಲ್ಲ.

ಬಾಳ್ಳುಪೇಟೆ, ಆಲೂರು, ಸಕಲೇಶಪುರದ ಕಡೆ ಹಳೆಯ ಪೆಟ್ರೋಲ್ ಕಾರುಗಳ ಮೇಲೆ ಪ್ರೀತಿ ಇಟ್ಟವರಿಗೆ ಈ ಅನುಭವ ಹೊಸದಲ್ಲ. ಕಾಂಟೆಸ್ಸಾ, ಎಸ್ಟೀಮ್, ಜಿಪ್ಸಿ ಯಾವುದೂ ಇದಕ್ಕೆ ಹೊರತಲ್ಲ. ನಾನಿಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಮೊದಲ ತಲೆಮಾರಿನ ಹೋಂಡಾ ಸಿಟಿಯ 1.5 ವಿಟೆಕ್ ಬಗ್ಗೆ. 1,493 ಸಿಸಿ ಎಂಜಿನ್‌ನಿಂದ 106 ಅಶ್ವಶಕ್ತಿ ತೆಗೆದ ಕಾರು ಅದು. 2000ದ ಹೊತ್ತಿಗೆ ನಮ್ಮ ರಸ್ತೆಗಳಲ್ಲಿ ಅಂಥ ಎಳೆತ ಅಪರೂಪ. ಈಗ ಅದಕ್ಕೆ ಇಪ್ಪತ್ತು ವರ್ಷ ದಾಟಿದೆ. ತಂತಿ, ರಬ್ಬರು, ಬೆಸುಗೆ ಎಲ್ಲಕ್ಕೂ ಅಷ್ಟೇ ವಯಸ್ಸು.

ಸಾಮಾನ್ಯವಾಗಿ ಆಗುವುದೇನೆಂದರೆ ಮೊದಲು ಪ್ಲಗ್ ಬದಲು, ಆಮೇಲೆ ಕಾಯಿಲ್, ಆಮೇಲೆ ಪೆಟ್ರೋಲ್ ಪಂಪು, ಕೊನೆಗೆ ಯಾವುದೋ ಸೆನ್ಸರ್. ದುಡ್ಡು ನೀರಾಗುತ್ತದೆ, ಮಿಸ್ಸಿಂಗ್ ಮಾತ್ರ ಉಳಿಯುತ್ತದೆ. ಬಿಡಿಭಾಗ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವಾಗ ಹೀಗಾಗುತ್ತದೆ? ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಮಳೆಯಲ್ಲೋ, ಬಿಸಿಲಲ್ಲೋ? ಏರಿನಲ್ಲೋ, ಸಮತಟ್ಟಿನಲ್ಲೋ?

ಏರಿನಲ್ಲಿ ಪೂರ್ತಿ ಒತ್ತಿದಾಗ ಮಾತ್ರ ಕುಗ್ಗಿದರೆ ಮೊದಲ ಅನುಮಾನ ಇಂಧನದ ಮೇಲೆ. ಆ ಕಾಲದ ಎಂಪಿಎಫ್‌ಐ ಎಂಜಿನ್‌ಗಳಿಗೆ ಪೆಟ್ರೋಲು ಹೆಚ್ಚುಕಡಿಮೆ 3 ಬಾರ್ ಒತ್ತಡದಲ್ಲಿ ಬರಬೇಕು. ಗ್ಯಾರೇಜಿನಲ್ಲಿ ನಿಂತಲ್ಲೇ ಒತ್ತಡ ಸರಿಯಾಗಿಯೇ ಕಾಣುತ್ತದೆ. ಕಟ್ಟಿಕೊಂಡ ಫಿಲ್ಟರ್, ಸುಸ್ತಾದ ಪಂಪು ಸೋಲುವುದು ಬೇಡಿಕೆ ಹೆಚ್ಚಿದಾಗ. ಹಾಗಾಗಿ ಗೇಜನ್ನು ಗಟ್ಟಿಯಾಗಿ ಜೋಡಿಸಿ, ಎಲ್ಲೂ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಏರಿನಲ್ಲೇ ಓಡಿಸಿ ನೋಡಬೇಕು. ಗೇಜನ್ನು ಕಾರಿನೊಳಗೆ ಮಾತ್ರ ತರಬಾರದು, ಗಾಜಿನ ಹೊರಗಿಟ್ಟು ಓದಬೇಕು. ಇದಕ್ಕೆ ವಾಹನ ಸಂಚಾರ ಕಡಿಮೆಯಿರುವ ತೋಟದ ರಸ್ತೆ ಸಾಕು. ಹೆದ್ದಾರಿ 75ರಲ್ಲಿ ಈ ಪ್ರಯೋಗ ಬೇಡ.

ಇಂಧನದ ಮಾತು ಬಂದಾಗ ಎಥೆನಾಲ್ ಬಿಟ್ಟು ಮುಂದೆ ಹೋಗುವಂತಿಲ್ಲ. ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳಿಗೂ ಹಿತವಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿಗೆ ಅಪಾಯ ಹೆಚ್ಚು. ಕಾರ್ಬ್ಯುರೇಟರ್ ಕಾರುಗಳಲ್ಲಿ ಮಿಶ್ರಣ ತೆಳುವಾಗಿ ಪಿಕಪ್ ತಡವರಿಸುವುದೂ ನಿಜ, ಏಕೆಂದರೆ ಅಲ್ಲಿ ತಿದ್ದಲು ಕಂಪ್ಯೂಟರ್ ಇಲ್ಲ. ಆದರೆ ಬಿಟ್ಟುಬಿಟ್ಟು ಬರುವ ತೊಂದರೆಗೆಲ್ಲ ಎಥೆನಾಲನ್ನೇ ದೂರುವುದನ್ನು ನಾನು ಒಪ್ಪುವುದಿಲ್ಲ. ಟ್ಯಾಂಕಿನಲ್ಲಿ ಇರುವ ಪೆಟ್ರೋಲು ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ದಿನಕ್ಕೆ ಎರಡು ಸಲ ಮಾತ್ರ ಮಿಸ್ ಹೊಡೆದರೆ ಕಾರಣ ಬೇರೆಲ್ಲೋ ಇರುವ ಸಾಧ್ಯತೆ ಹೆಚ್ಚು.

ಮಳೆಯಲ್ಲಿ ಮಾತ್ರ ಬರುವ ಮಿಸ್ಸಿಂಗ್‌ಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಪ್ಲಗ್ ವೈರುಗಳನ್ನು ನೋಡಬೇಕು. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ದೂರದಿಂದ ಸ್ವಲ್ಪವೇ ನೀರು ಸಿಂಪಡಿಸಿದರೆ ಸೋರುವ ವೈರಿನ ಮೇಲೆ ನೀಲಿ ಕಿಡಿ ಹರಿದಾಡುತ್ತದೆ. ಕೈಯನ್ನು ಮಾತ್ರ ಹತ್ತಿರ ಒಯ್ಯಬಾರದು, ಅಲ್ಲಿರುವುದು ಸಾವಿರಾರು ವೋಲ್ಟ್.

ಬಿಸಿಯಾದ ಮೇಲೆ ಬರುವುದನ್ನು ಹಿಡಿಯುವುದು ಇನ್ನೂ ಕಷ್ಟ. ಆ ಕಾಲದ ಹೋಂಡಾಗಳಲ್ಲಿ ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡುವ ಮೇನ್ ರಿಲೇಯೊಳಗಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಡುವುದು ಪ್ರಪಂಚದಾದ್ಯಂತ ಗೊತ್ತಿರುವ ರೋಗ. ಕಾರಿನೊಳಗೆ ಬಿಸಿ ಏರಿದಾಗ ಸಂಪರ್ಕ ತಪ್ಪುತ್ತದೆ, ತಣಿದಾಗ ಕೂಡುತ್ತದೆ. ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಬೆಸುಗೆ ಹಾಕಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನೈಟರ್ ಕೂಡ ಬಿಸಿಗೆ ಕೈಕೊಡುತ್ತದೆ.

ಆಕ್ಸಿಲರೇಟರ್ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗಲೆಲ್ಲ ತಡವರಿಸಿದರೆ ಥ್ರಾಟಲ್ ಪೊಸಿಷನ್ ಸೆನ್ಸರ್ ಸವೆದಿರಬಹುದು. ಇಗ್ನಿಷನ್ ಆನ್ ಮಾಡಿ ಪೆಡಲನ್ನು ನಿಧಾನವಾಗಿ ಒತ್ತುತ್ತಾ ಹೋದರೆ ವೋಲ್ಟೇಜ್ ಸುಮಾರು ಅರ್ಧದಿಂದ ನಾಲ್ಕೂವರೆಯವರೆಗೆ ಒಂದೇ ಸಮ ಏರಬೇಕು. ಇದಕ್ಕೆ ಡಿಜಿಟಲ್ ಮೀಟರಿಗಿಂತ ಹಳೆಯ ಮುಳ್ಳಿನ ಮೀಟರ್ ಒಳ್ಳೆಯದು. ಸವೆದ ಜಾಗದಲ್ಲಿ ಮುಳ್ಳು ಚಣಕಾಲ ಹಿಂದಕ್ಕೆ ಬೀಳುವುದು ಕಣ್ಣಿಗೆ ಕಾಣುತ್ತದೆ.

ವಿಟೆಕ್‌ಗೇ ವಿಶೇಷವಾದದ್ದೂ ಒಂದಿದೆ. ಎಂಜಿನ್ ವೇಗ ಏರಿದಾಗ ವಾಲ್ವ್‌ಗಳ ಚಲನೆ ಬದಲಾಗುವುದು ಎಣ್ಣೆಯ ಒತ್ತಡದಿಂದ. ಎಂಜಿನ್ ಆಯಿಲ್ ಕಡಿಮೆಯಿದ್ದರೆ ಆ ಬದಲಾವಣೆ ಆಗುವುದಿಲ್ಲ, ಚಾಲಕನಿಗೆ ಎಂಜಿನ್ ಕಟ್ಟಿದಂತೆ ಅನಿಸುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಲು ಖರ್ಚಿಲ್ಲ, ಅದನ್ನೇ ಮೊದಲು ಮಾಡಿ.

ಕರಾವಳಿಯಿಂದ ಬಂದ ಮೆಕ್ಯಾನಿಕ್‌ಗಳಿಗೆ ಒಂದು ಮಾತು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ವ್ಯಾಕ್ಯೂಮ್ ಗೇಜ್ ಮಂಗಳೂರಿಗಿಂತ ಹೆಚ್ಚುಕಡಿಮೆ 3 ಇಂಚು ಕಡಿಮೆ ತೋರಿಸುತ್ತದೆ. ಅದು ಗಾಳಿಯ ಗುಣ. ಇಲ್ಲದ ಲೀಕ್ ಹುಡುಕಿ ಇನ್‌ಟೇಕ್ ಬಿಚ್ಚಬೇಡಿ.

ಇಷ್ಟು ಹಳೆಯ ಕಾರುಗಳಿಗೆ ಈಗಿನ ಸ್ಕ್ಯಾನರುಗಳು ಹೆಚ್ಚಾಗಿ ಹೊಂದುವುದಿಲ್ಲ. ಈ ಹೋಂಡಾದಲ್ಲಿ ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್‌ನ ಎರಡು ತಂತಿಗಳನ್ನು ಒಂದಕ್ಕೊಂದು ಜೋಡಿಸಿ, ಚೆಕ್ ಎಂಜಿನ್ ದೀಪ ಎಷ್ಟು ಸಲ ಮಿಟುಕಿತೆಂದು ಎಣಿಸಬೇಕು. ಅದೂ ಎಲ್ಲವನ್ನೂ ಹೇಳುವುದಿಲ್ಲ. ಇಲಿ ಕಚ್ಚಿದ ವೈರು, ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟು ಯಾವ ಕೋಡಿನಲ್ಲೂ ಬರಲಾರದು. ಮಳೆಗಾಲ ಮುಗಿದ ಕೂಡಲೇ ಅರ್ಥಿಂಗ್ ಬಿಚ್ಚಿ ಉಜ್ಜುವುದು ಈ ಸೀಮೆಯ ಕಾರುಗಳಿಗೆ ಅಗತ್ಯ.

ಗ್ಯಾರೇಜಿಗೆ ಹೋಗುವ ಮುನ್ನ ಒಂದು ವಾರ ಕಾರಿನಲ್ಲಿ ಚೀಟಿ ಇಡಿ. ಮಿಸ್ ಹೊಡೆದಾಗಲೆಲ್ಲ ಗಾಡಿ ನಿಲ್ಲಿಸಿ ಜಾಗ, ಗೇರು, ಟೆಂಪರೇಚರ್ ಮುಳ್ಳು, ಮಳೆಯೋ ಬಿಸಿಲೋ ಎಂದು ಬರೆದುಕೊಳ್ಳಿ. ಮೆಕ್ಯಾನಿಕ್ ಕೈಗೆ ಮೊದಲು ಆ ಚೀಟಿ ಕೊಡಿ, ಕೀಲಿ ಆಮೇಲೆ.